ಮುಯ್ಯಾಳಿಗೆ ಬೆಲೆ ಕಟ್ಟಿದ ಹುಡುಗಿ

ಸಮಾಜ ವಿಜ್ಞಾನದ ಪುಸ್ತಕದಲ್ಲಿ ಅರ್ಥಶಾಸ್ತ್ರದ ಸ್ಥಿತಿ ಮದುವೆ ಊಟದ ಕೊನೇ ಪಂಕ್ತಿಯದು. ಮೊದಲು ಇತಿಹಾಸ ಕೂತು ದಸರಾ ತನಕ ಊಟ ಮಾಡುತ್ತದೆ, ಆಮೇಲೆ ಭೂಗೋಳ ಕೂತು ಸಂಕ್ರಾಂತಿ ತನಕ ಏಳುವುದಿಲ್ಲ. ಅರ್ಥಶಾಸ್ತ್ರದ ಸರದಿ ಬರುವ ಹೊತ್ತಿಗೆ ಪಾಯಸ ಖಾಲಿ, ಪರೀಕ್ಷೆ ಬಾಗಿಲಲ್ಲಿ. ಬಹಳ ಜನ ಮೇಷ್ಟ್ರುಗಳು ಆ ಪಾಠಗಳನ್ನು ಮಾಡುವುದಿಲ್ಲ, ಓಡಿಸುತ್ತಾರೆ. ನಾನು ಓಡಿಸುವವಳಲ್ಲ. ನನ್ನ ತರಗತಿಯಲ್ಲಿ ಜೂನ್ ತಿಂಗಳಲ್ಲೇ ಅರ್ಥಶಾಸ್ತ್ರ ಶುರು. ಇದಕ್ಕಾಗಿ ಕೆಲಸ ಮಾಡಿದ ಪ್ರತಿ ಶಾಲೆಯಲ್ಲೂ ಜಗಳ ಆಡಿದ್ದೇನೆ. "ಮೇಡಂ, ಪುಸ್ತಕ ಮೊದಲನೇ ಪುಟದಿಂದ ಶುರುವಾಗುತ್ತೆ" ಎಂದು ಹೆಡ್‌ಮಾಸ್ಟರೊಬ್ಬರು ಹೇಳಿದ್ದರು. "ಎಲೆಗೆ ಮೊದಲು ಬಡಿಸೋದು ಉಪ್ಪು ಸಾರ್, ಹಾಗಂತ ಊಟ ಉಪ್ಪಿನಿಂದ ಶುರು ಮಾಡ್ತೀರಾ?" ಅಂದೆ. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ.

ಹೊನ್ನಾಳಿಯಲ್ಲಿ ನನಗೆ ಸಿಕ್ಕಿದ್ದು ಭತ್ತದ ಮಕ್ಕಳು, ನ್ಯಾಮತಿಯಲ್ಲಿ ಮೆಕ್ಕೆಜೋಳದ ಮಕ್ಕಳು. ಈಗ ಜಗಳೂರು ತಾಲ್ಲೂಕಿನಲ್ಲಿ, ಬಿಳಿಚೋಡು ದಾಟಿ ಒಳಗೆ ಹೋದರೆ ಸಿಗುವ ಹೈಸ್ಕೂಲಿನಲ್ಲಿ, ಈರುಳ್ಳಿ ಮಕ್ಕಳು. ಬೆಳೆ ಬೇರೆ, ಬುದ್ಧಿ ಒಂದೇ. ಪೂರೈಕೆ ಹೆಚ್ಚಾದರೆ ಬೆಲೆ ಏಕೆ ಇಳಿಯುತ್ತದೆ ಎಂದು ನ್ಯಾಮತಿಯಲ್ಲಿ ಕೇಳಿದಾಗ ಹಿಂದಿನ ಬೆಂಚಿನಿಂದ ಒಂದು ದನಿ, "ಎಲ್ರೂ ಒಂದೇ ಸಲ ಟ್ರ್ಯಾಕ್ಟರ್ ತಗಂಡು ಹೋದ್ರೆ ಯಾರು ಮೂಸ್ತಾರೆ ಮೇಡಂ" ಅಂದಿತ್ತು. ನಾನು ಬೋರ್ಡಿನ ಮೇಲೆ ರೇಖೆ ಎಳೆಯಲು ತೆಗೆದುಕೊಂಡ ಸೀಮೆಸುಣ್ಣ ಕೈಯಲ್ಲೇ ಉಳಿಯಿತು. ಇಂಥ ಮಕ್ಕಳಿಗೆ ಪಾಠ ಮಾಡುತ್ತೇನೆ ಎನ್ನುವುದರಲ್ಲಿ ನನಗೆ ಜಂಬ ಇದೆ. ಜಂಬ ಅಂತಲೇ ಅನ್ನಿ, ಬೇಸರವಿಲ್ಲ.

ಆ ಈರುಳ್ಳಿ ಊರಿನ ಒಂಬತ್ತನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಕೇಳಿದ್ದಕ್ಕೆ ತಟ್ಟನೆ ಉತ್ತರ ಕೊಡುವವಳಲ್ಲ. ಎರಡು ಸಲ ಕಣ್ಣು ಮಿಟುಕಿಸಿ, ಜಡೆಯ ತುದಿ ಹಿಡಿದು ಎಳೆದುಕೊಂಡು, ಆಮೇಲೆ ಮಾತಾಡುವವಳು. ಅವಕಾಶ ವೆಚ್ಚ ಎಂದರೇನು ಎಂಬ ಪಾಠದಲ್ಲಿ, ಒಂದನ್ನು ಆರಿಸಿಕೊಂಡರೆ ಬಿಟ್ಟುಕೊಡಬೇಕಾಗುವ ಇನ್ನೊಂದೇ ಅದರ ನಿಜವಾದ ಬೆಲೆ ಎಂದು ವಿವರಿಸಿ, ಉದಾಹರಣೆ ಕೇಳಿದ್ದೆ. ಅವಳು ತಾನೇ ಸಾಕಿದ ಕುರಿಮರಿಯ ಕಥೆ ಹೇಳಿದಳು. ಮರಿ ಮಾರಿದ ದುಡ್ಡು ಅವಳದೇ ಅಂತ ಮನೆಯಲ್ಲಿ ಬಿಟ್ಟಿದ್ದರು. ಕಾಲಿಗೆ ಬೆಳ್ಳಿ ಗೆಜ್ಜೆ ಮಾಡಿಸಿಕೊಳ್ಳಬೇಕು ಅಂತ ಆಸೆ, ಆ ದುಡ್ಡಿಗೆ ಇನ್ನೆರಡು ಮರಿ ತರಬಹುದು ಅಂತಲೂ ಯೋಚನೆ. "ಗೆಜ್ಜೆ ಹಾಕ್ಕಂಡ್ರೆ ಎರಡು ಮರಿ ಕಾಲಿಗೆ ಕಟ್ಕಂಡಂಗೆ ಮೇಡಂ" ಅಂದಳು. ಕ್ಲಾಸು ನಕ್ಕಿತು. ನಾನು ಅದನ್ನು ಬೋರ್ಡಿನ ಮೇಲೆ ಬರೆದು, ಆ ದಿನ ಅಳಿಸದೆ ಬಿಟ್ಟೆ.

ಶ್ರಾವಣ ಕಳೆದ ಮೇಲೆ ವಿನಿಮಯದ ಪಾಠ ಬಂತು. ಹಣ ಇಲ್ಲದ ಕಾಲದಲ್ಲಿ ವಸ್ತುವಿಗೆ ವಸ್ತು ಕೊಡುತ್ತಿದ್ದರು, ಅದರಲ್ಲಿ ನೂರೆಂಟು ತೊಡಕು. ನನ್ನಲ್ಲಿ ಅಕ್ಕಿ ಇದ್ದು ಉಪ್ಪು ಬೇಕಿದ್ದರೆ, ಉಪ್ಪು ಇದ್ದು ಅಕ್ಕಿ ಬೇಕಾದವರೇ ಸಿಗಬೇಕು. ಹಣ ಬಂದ ಮೇಲೆ ಈ ತಾಪತ್ರಯ ತಪ್ಪಿತು. ಇಷ್ಟನ್ನು ಹೇಳಿ, ನಿಮ್ಮ ಮನೆಯಲ್ಲಿ ಇಂದಿಗೂ ದುಡ್ಡಿಲ್ಲದೆ ನಡೆಯುವ ವಿನಿಮಯ ಯಾವುದು ಎಂದು ಕೇಳಿದೆ. ಬಾಚಣಿಗೆಗೆ ಬಂದ ಕೂದಲು ಕೊಟ್ಟು ಪಾತ್ರೆ ಕೊಳ್ಳುವುದನ್ನು ಒಬ್ಬರು ಹೇಳಿದರು. ಈ ಹುಡುಗಿ ಮುಯ್ಯಾಳು ಅಂದಳು. ಅವಳ ಅವ್ವ ಪಕ್ಕದ ಹೊಲಕ್ಕೆ ಒಂದು ದಿನ ಕಳೆ ತೆಗೆಯಲು ಹೋದರೆ, ಆ ಹೊಲದವರು ಇವರ ಹೊಲಕ್ಕೆ ಒಂದು ದಿನ ಬರುತ್ತಾರೆ. ಆಳಿಗೆ ಆಳು, ದಿನಕ್ಕೆ ದಿನ, ನಡುವೆ ಪೈಸೆ ಇಲ್ಲ. ಹಾಗಾದರೆ ಒಬ್ಬರಿಗೆ ಕಾಯಿಲೆಯಾಗಿ ಹೋಗಲಾಗದಿದ್ದರೆ ಏನು ಮಾಡುತ್ತಾರೆ ಎಂದೆ. ಕಾಯುತ್ತಾರೆ ಅಂದಳು. ನೋಡಿ, ಹಣವಾದರೆ ಕಾಯುವ ಗೋಜಿಲ್ಲ, ಆ ಕ್ಷಣವೇ ಲೆಕ್ಕ ಮುಗಿಯುತ್ತದೆ, ಇದೇ ಹಣದ ಅನುಕೂಲ ಎಂದು ಹೇಳಿ ಪಾಠ ಮುಗಿಸಿದೆ. ಪಾಠ ಚೆನ್ನಾಗಿಯೇ ಆಗಿತ್ತು.

ಒಂದು ವಾರ ಕಳೆದಿರಬೇಕು, ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಆ ಹುಡುಗಿಯ ತಾಯಿ ಶಾಲೆಗೆ ಬಂದಳು. ಬಲಗೈಗೆ ಮೊಣಕೈತನಕ ಸಿಮೆಂಟ್ ಪಟ್ಟಿ. ನೀರಿನ ಟ್ಯಾಂಕಿನ ಹತ್ತಿರ ಜಾರಿ ಬಿದ್ದಿದ್ದಳಂತೆ. ಕುರ್ಚಿ ಕೊಟ್ಟೆ, ನೆಟ್ಟಗೆ ಕೂತಳು, ಸುತ್ತಿಬಳಸದೆ ಕೇಳಿದಳು.

"ಮೇಡಮ್ಮಾರೆ, ದುಡ್ಡು ಕೊಟ್ರೆ ಎಲ್ಲಾ ಸಲೀಸು ಅಂತ ಪಾಠ ಮಾಡಿದ್ರಂತೆ?"

"ಹೌದಮ್ಮ, ಮಾಡಿದೆ. ಪುಸ್ತಕದಲ್ಲಿದೆ."

"ಪುಸ್ತಕದಾಗೆ ನಮ್ಮ ಮುಯ್ಯಾಳು ಐತೇನ್ರಿ?"

ಇಲ್ಲ ಅಂದೆ. ಆಗ ನಡೆದದ್ದನ್ನು ಹೇಳಿದಳು. ಮಳೆಗಾಲದಲ್ಲಿ ಅವಳ ಈರುಳ್ಳಿ ಹೊಲದ ಕಳೆ ತೆಗೆಯಲು ಮುಯ್ಯಾಳಿನ ಗುಂಪಿನ ಹೆಂಗಸರೆಲ್ಲ ಬಂದಿದ್ದರು. ಅದನ್ನು ಇವಳು ಅವರ ಹೊಲಗಳಲ್ಲಿ ಈರುಳ್ಳಿ ಕಿತ್ತು ತೀರಿಸಬೇಕಿತ್ತು. ಅಷ್ಟರಲ್ಲಿ ಕೈ ಮುರಿಯಿತು. ಗುಂಪಿನ ಹಿರಿಯಳು ಪಕ್ಕದ ಹೊಲದ ಅಜ್ಜಿ. ಕೈ ವಾಸಿಯಾಗಲಿ, ಆಮೇಲೆ ಬಂದರಾಯಿತು ಅಂತ ಆಕೆಯೇ ಹೇಳಿ ಹೋಗಿದ್ದಳು. ಆದರೆ ಅವ್ವ ಮುಲುಗುವುದನ್ನೂ, ಬಾಕಿ ಬಾಕಿ ಅಂತ ಕೊರಗುವುದನ್ನೂ ಮಗಳು ನೋಡಿದಳು. ಕುರಿಮರಿಯ ದುಡ್ಡು ತೆಗೆದುಕೊಂಡು ನೆಟ್ಟಗೆ ಅಜ್ಜಿಯ ಮನೆಗೆ ಹೋದಳು. ನಮ್ಮವ್ವನ ಮುಯ್ಯಾಳಿನ ಬಾಕಿ ಇದು, ಕೂಲಿ ಲೆಕ್ಕದಲ್ಲಿ ಸರಿಯಾಗಿದೆ, ಎಲ್ಲರಿಗೂ ಹಂಚಿಬಿಡ್ರಿ ಅಂದಳು. ಅಜ್ಜಿ ಅವಳ ಮುಖವನ್ನೊಮ್ಮೆ ನೋಡಿ, ದುಡ್ಡನ್ನು ಎಲೆಅಡಿಕೆ ಚೀಲಕ್ಕೆ ತುರುಕಿ, ಆಯ್ತು ಹೋಗು ತಾಯಿ, ಲೆಕ್ಕ ಮುಗೀತು ಅಂದಳಂತೆ.

ಮುಯ್ಯಾಳಿನಲ್ಲಿ ಒಂದು ಪದ್ಧತಿ. ಯಾರ ಹೊಲದ ಕೆಲಸವೋ ಅವರು ಹಿಂದಿನ ಸಂಜೆ ಮನೆಮನೆಗೆ ಹೋಗಿ, ನಾಳೆ ನಮ್ಮ ಹೊಲ ಅಂತ ಕರೆಯಬೇಕು. ಕೈ ಮುರಿದವಳನ್ನೂ ಕರೆಯುತ್ತಾರೆ. ಹೋಗಿ ನೀರು ಕೊಟ್ಟರೆ ಸಾಕು, ಸುಮ್ಮನೆ ಬದುವಿನ ಮೇಲೆ ಕೂತರೂ ಸಾಕು. ಆ ವಾರ ಮೂರು ಮನೆಯವರ ಈರುಳ್ಳಿ ಕೀಳುವುದಿತ್ತು. ಇವಳ ಬಾಗಿಲಿಗೆ ಯಾರೂ ಬರಲಿಲ್ಲ.

"ಇಷ್ಟು ದಿವಸ ಕೂಲಿ ಮಾಡ್ಕಂಡೇ ಬಂದೋಳು ನಾನು" ಅಂದಳು. "ಕೂಲಿ ಅಂದ್ರೆ ನಾಚಿಕೆ ಇಲ್ಲ ನಂಗೆ. ಸರ್ಕಾರದಿಂದ ನನ್ನ ಹೆಸರಿಗೆ ಹೊಲ ಬಂದ ಮ್ಯಾಲೆ ಆ ಅಜ್ಜಿ ತಾನಾಗೇ ಬಂದು, ನಾಳೆ ನಮ್ಮ ಹೊಲಕ್ಕೆ ಬಾರವ್ವ, ನಾಡಿದ್ದು ನಿಮ್ಮ ಹೊಲಕ್ಕೆ ನಾವು ಬರ್ತೀವಿ ಅಂತು. ಅವತ್ತು ನಾನು ಉಂಡಿಲ್ಲ, ಅಷ್ಟು ಖುಷಿಯಾಗಿತ್ತು. ಈಗ ನೋಡ್ರಿ, ನಮ್ಮ ಹುಡುಗಿ ದುಡ್ಡು ಕೊಟ್ಟು ನನ್ನ ಅದರಿಂದ ಬಿಡಿಸ್ಕಂಡು ಬಂದೈತೆ."

ಮುಂದಿನ ವಾರ ಇವಳ ಈರುಳ್ಳಿಯೇ ಕೀಳಬೇಕಿತ್ತು. ಗಂಡ ದಾವಣಗೆರೆಯಲ್ಲಿ ಹಮಾಲಿ ಕೆಲಸಕ್ಕೆ ಹೋದರೆ ವಾರಕ್ಕೊಮ್ಮೆ ಬರುವವನು. ಬೇರೆ ಊರಿಂದ ಕೂಲಿಯವರನ್ನು ಕರೆಸಬಹುದು, ಬೆಳೆ ಉಳಿಯುತ್ತದೆ, ಅದು ಅವಳಿಗೂ ಗೊತ್ತಿತ್ತು. ಅವಳ ಸಂಕಟ ಬೆಳೆಯದಲ್ಲ. ಮತ್ತೆ ಆ ಬಾಗಿಲಿಗೆ ನಾಳೆ ನಮ್ಮ ಹೊಲ ಅಂತ ಯಾರಾದರೂ ಬರುತ್ತಾರೋ ಇಲ್ಲವೋ ಎನ್ನುವುದು.

ಮೊದಲು ನನಗೆ ಸಿಟ್ಟೇ ಬಂತು. ನಾನು ಹೇಳಿಕೊಟ್ಟದ್ದರಲ್ಲಿ ತಪ್ಪಿಲ್ಲ, ಈಗಲೂ ಇಲ್ಲ ಅನ್ನುತ್ತೇನೆ. ಹಣ ಅನುಕೂಲವೇ. ಆದರೆ ಅವಳ ಮಾತನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನಾನು ಹುಟ್ಟಿದ್ದು ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆಯ ಕೆಳಗೆ. ಕೆರೆಯ ನೀರಿಗೆ ಎಲ್ಲರ ಗದ್ದೆಯೂ ಹಸಿರು, ನಮಗೆ ಗದ್ದೆಯೇ ಇರಲಿಲ್ಲ. ನಾಟಿ ಕಾಲದಲ್ಲಿ ನಮ್ಮವ್ವನಷ್ಟು ಚುರುಕಾಗಿ ಸಸಿ ನೆಡುವವರು ಆ ಬಯಲಿನಲ್ಲಿ ಯಾರೂ ಇರಲಿಲ್ಲ, ಆದರೂ ಅವಳನ್ನು ಮುಯ್ಯಾಳಿಗೆ ಯಾರೂ ಕರೆಯಲಿಲ್ಲ. ಕರೆಯುವುದಾದರೂ ಹೇಗೆ? ಮುಯ್ಯಾಳು ಹೊಲ ಇದ್ದವರ ನಡುವಿನದು. ಅವರು ಬಂದು ತೀರಿಸಲು ನಮ್ಮಲ್ಲಿ ಒಂದಂಗುಲ ಜಾಗ ಬೇಕಲ್ಲ. ಅವ್ವನಿಗೆ ಸಂಜೆಗೆ ಸರಿಯಾಗಿ ಕೂಲಿ ಬರುತ್ತಿತ್ತು, ಯಾರೂ ಮೋಸ ಮಾಡಲಿಲ್ಲ. ಆ ಕೂಲಿಯಲ್ಲಿ ನನ್ನನ್ನು ಓದಿಸಿದಳು. ಬುದ್ಧನ ಫೋಟೊ ಇದ್ದ ಆ ಒಂದು ಕೋಣೆಯ ಮನೆಯಿಂದ ಸಂಬಳ ಎಣಿಸಿದವಳು ನಾನೇ ಮೊದಲು. ಹಾಗಾಗಿ ಕೂಲಿಗೂ ಮುಯ್ಯಾಳಿಗೂ ನಡುವಿನ ದೂರ ನನಗೆ ಪುಸ್ತಕ ನೋಡದೆ ಗೊತ್ತು.

ನಿಮ್ಮ ಮಗಳ ಹತ್ತಿರ ಮಾತಾಡುತ್ತೇನೆ, ಬೈಯಬೇಡಿ ಎಂದು ಹೇಳಿ ತಾಯಿಯನ್ನು ಕಳಿಸಿದೆ. ಸಂಜೆ ಪ್ರಾರ್ಥನೆ ಕಟ್ಟೆಯ ಮೇಲೆ ಹುಡುಗಿಯನ್ನು ಕೂರಿಸಿಕೊಂಡೆ. ಅಳುತ್ತಾಳೆ ಅಂದುಕೊಂಡಿದ್ದೆ. ಅತ್ತಿರಲಿಲ್ಲ, ಜಡೆಯ ತುದಿ ಮಾತ್ರ ಬಿಚ್ಚಿ ಹೋಗಿತ್ತು.

"ನಾನು ತಪ್ಪು ಮಾಡಿದ್ನಾ ಮೇಡಂ?"

"ಅದು ಆಮೇಲೆ. ದುಡ್ಡು ಕೊಟ್ಟೆಯಲ್ಲ, ಏನು ಕೊಂಡೆ ಹೇಳು."

"ಏನೂ ಕೊಂಡಿಲ್ಲ."

"ಏನೂ ಕೊಳ್ಳದೆ ಯಾರಾದರೂ ದುಡ್ಡು ಕೊಡ್ತಾರಾ? ಯೋಚನೆ ಮಾಡು."

ಅವಳು ಯೋಚನೆ ಮಾಡಿದಳು. ಮಕ್ಕಳೆಲ್ಲ ಗೇಟು ದಾಟಿ ಹೋದರು, ಜವಾನ ಕೊಠಡಿಗಳಿಗೆ ಬೀಗ ಹಾಕುತ್ತ ಬಂದ. ನನಗೆ ಉತ್ತರ ಗೊತ್ತಿತ್ತು, ನಾಲಿಗೆ ತುದಿಗೇ ಬಂದಿತ್ತು, ಕಚ್ಚಿ ಹಿಡಿದುಕೊಂಡೆ. ಮೇಷ್ಟ್ರ ಕೆಲಸದಲ್ಲಿ ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ.

"ಅಂಗಡಿಯಾಗೆ ದುಡ್ಡು ಕೊಟ್ಟು ಸಾಮಾನು ತಂದ್ರೆ ಅಂಗಡಿಯೋರಿಗೂ ನಮಗೂ ಆಗೋಯ್ತು" ಅಂದಳು, ತಡೆತಡೆದು. "ಹಂಗೇ ಅಜ್ಜಿಗೂ ನಮಗೂ ಆಗೋಯ್ತು. ಆಗೋಗಬಾರದಿತ್ತು ಮೇಡಂ."

"ಹ್ಞೂ."

"ಮುಯ್ಯಾಳಿನಾಗೆ ಯಾವಾಗ್ಲೂ ಯಾರದಾದ್ರೂ ಒಬ್ರುದು ಬಾಕಿ ಇರ್ಬೇಕು. ಬಾಕಿ ಇದ್ರೇನೇ ಅವರು ಬರೋದು, ನಾವು ಹೋಗೋದು. ನಾನು ಬಾಕಿನೇ ಇಲ್ದಂಗೆ ಮಾಡ್ಬಿಟ್ಟೆ." ಎರಡು ಸಲ ಕಣ್ಣು ಮಿಟುಕಿಸಿದಳು. "ಈಗ ನಮ್ಮ ಮ್ಯಾಲೆ ಅವರದು ಏನೂ ಇಲ್ಲ. ಅವರ ಮ್ಯಾಲೆ ನಮ್ದು ಒಂದು ಬಾಕಿ ಹೊರಿಸಿದ್ರೆ ಮತ್ತೆ ಶುರುವಾಗ್ತೈತಲ್ಲ? ಭಾನುವಾರ ಅಜ್ಜಿ ಹೊಲದಾಗೆ ಈರುಳ್ಳಿ ಕೀಳ್ತಾರೆ. ನಾನು ಹೋಗ್ತೀನಿ."

ಸಾಲ ಎಂದರೆ ತೀರಿಸಬೇಕಾದ ಭಾರ ಎಂದಷ್ಟೇ ಪುಸ್ತಕ ಹೇಳುತ್ತದೆ. ನಂಬಿಕೆ ಓಡಾಡುವುದು ಬಾಕಿಯ ಮೇಲೆ ಎಂದು ಹದಿನಾಲ್ಕರ ಹುಡುಗಿ ಪ್ರಾರ್ಥನೆ ಕಟ್ಟೆಯ ಮೇಲೆ ತಾನೇ ಲೆಕ್ಕ ಹಾಕಿ ಹೇಳಿದ್ದಳು. ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಅಪ್ಪಿಕೊಳ್ಳಲಿಲ್ಲ. ಶಾಲೆ ತಪ್ಪಿಸಿ ಹೋದರೆ ಕಾಲು ಮುರಿಯುತ್ತೇನೆ, ಭಾನುವಾರ ಮಾತ್ರ ಎಂದು ಗದರಿಸಿ ಕಳಿಸಿದೆ.

ಭಾನುವಾರ ನನಗೂ ಮನೆಯಲ್ಲಿ ಇರಲಾಗಲಿಲ್ಲ. ಸ್ಕೂಟಿ ಹತ್ತಿ ಹೋದೆ. ಹೊಲದಲ್ಲಿ ಹೆಂಗಸರು ಕಿತ್ತ ಈರುಳ್ಳಿಯನ್ನು ಮುಂದೆ ಹಾಕಿಕೊಂಡು ಸಾಲಾಗಿ ಕೂತು ಕುಡುಗೋಲಿನಿಂದ ಸೊಪ್ಪು ಕೊಯ್ಯುತ್ತಿದ್ದರು. ಒಂದಷ್ಟು ಮುಯ್ಯಾಳಿನವರು, ಸಾಲದ್ದಕ್ಕೆ ಆಚೆ ಊರಿನ ಕೂಲಿಯವರು ಕೆಲವರು. ಹುಡುಗಿ ಸಾಲಿನ ಕೊನೆಯಲ್ಲಿ ಕೂತು ತಲೆ ಎತ್ತದೆ ಕೊಯ್ಯುತ್ತಿದ್ದಳು. ಅಜ್ಜಿ ಅವಳನ್ನು ಬಾ ಅಂದಿರಲಿಲ್ಲ, ಹೋಗು ಅಂತಲೂ ಅಂದಿರಲಿಲ್ಲ. ನನ್ನನ್ನು ನೋಡಿ ಮಾತ್ರ ಬಾಯಿ ಬಿಟ್ಟಳು.

"ಏನ್ ಮೇಡಮ್ಮಾರೆ, ಈರುಳ್ಳಿ ರೇಟು ಕೇಳಾಕೆ ಬಂದ್ರೇನು?"

"ಇಲ್ಲಜ್ಜಿ, ಕೊಯ್ಯಾಕೆ ಬಂದೆ" ಅಂದೆ. ಎಲ್ಲರೂ ನಕ್ಕರು. ನಾನೂ ಸೀರೆ ಎತ್ತಿ ಕಟ್ಟಿ ಕೂತೆ. ಭತ್ತದ ಸೀಮೆಯವಳಿಗೆ ಈರುಳ್ಳಿಯ ಮರ್ಮ ತಿಳಿಯುವುದೆಲ್ಲಿ? ಗಡ್ಡೆಗೆ ಹತ್ತಿರವೇ ಕೊಯ್ದೆ, ಹಾಗೆ ಕೊಯ್ದರೆ ಬೇಗ ಕೊಳೆಯುತ್ತದಂತೆ. ಅಜ್ಜಿ ಬಂದು ನನ್ನ ಗುಡ್ಡೆಯನ್ನು ಬೇರೆ ಸರಿಸಿದಳು. "ಇದು ಮಂಡಿಗೆ ಬ್ಯಾಡ, ನಮ್ಮ ಮನೆ ಸಾರಿಗೆ ಆಗ್ತೈತೆ" ಅಂದಳು. ಅಲ್ಲಿಂದ ಮುಂದೆ ನನ್ನದು ಚೀಲ ಹಿಡಿಯುವ ಕೆಲಸ.

ಹೊತ್ತಿಳಿದಾಗ ಅಜ್ಜಿ ಬದುವಿನ ಮೇಲೆ ನಿಂತು ಕೂಲಿಯವರಿಗೆ ಬಟವಾಡೆ ಶುರುಮಾಡಿದಳು. ಮುಯ್ಯಾಳಿನವರು ಕೈಕಾಲು ತೊಳೆದು ಹೊರಡುತ್ತಿದ್ದರು. ಕೂಲಿಯವರದೆಲ್ಲ ಮುಗಿದ ಮೇಲೆ ಅಜ್ಜಿ ಹುಡುಗಿಯನ್ನು ಕರೆದು ನೋಟುಗಳನ್ನು ಚಾಚಿದಳು.

"ತಗಾ, ನಿನ್ನ ಕೂಲಿ. ಚೆನ್ನಾಗಿ ಮಾಡಿದೀಯ."

ಹೊರಟವರೆಲ್ಲ ನಿಂತರು. ತೆಗೆದುಕೊಂಡರೆ ಅವ್ವನ ಮುಯ್ಯಾಳು ಅಲ್ಲಿಗೆ ಮುಗಿದಂತೆ. ಹುಡುಗಿ ಲಂಗಕ್ಕೆ ಕೈ ಒರೆಸಿಕೊಂಡಳು.

"ಕೂಲಿ ಬ್ಯಾಡ ಅಜ್ಜಿ. ಮುಂದಿನ ವಾರ ನಮ್ಮ ಹೊಲದಾಗೆ ಕೀಳ್ತೀವಿ. ನಿಮ್ದು ಒಂದಾಳು ಬಾಕಿ."

"ನಾನು ಬರ್ಲಿಲ್ಲ ಅಂದ್ರೆ?"

"ಬಾಕಿ ಹಂಗೇ ಇರ್ತೈತೆ."

ಅಜ್ಜಿ ನೋಟನ್ನು ಚೀಲಕ್ಕೆ ಹಾಕಿಕೊಂಡು, ಎಲೆಗೆ ಸುಣ್ಣ ಹಚ್ಚುತ್ತ ಬೇರೆ ಕಡೆ ತಿರುಗಿದಳು. ದಾರಿಯಲ್ಲಿ ಹುಡುಗಿ, ಬರ್ತಾರಾ ಮೇಡಂ ಅಂತ ಕೇಳಿದಳು. ಗೊತ್ತಿಲ್ಲ ಕಣೆ ಅಂದೆ.

ದಸರಾ ರಜೆಯಲ್ಲಿ ಅವರ ಹೊಲದ ದಿನ ಬಂತು. ಹಿಂದಿನ ಸಂಜೆ ಹುಡುಗಿ ಅವ್ವನ ಬದಲು ತಾನೇ ಪ್ರತಿ ಬಾಗಿಲಿಗೂ ಹೋಗಿ, ನಾಳೆ ನಮ್ಮ ಹೊಲ ಅಂತ ಕರೆದಳಂತೆ. ಕೆಲವರು ತಲೆಯಾಡಿಸಿದರು, ಕೆಲವರು ಪಾತ್ರೆ ತೊಳೆಯುತ್ತಲೇ ಇದ್ದರು. ಬೆಳಿಗ್ಗೆ ನಾನು ಹೋದಾಗ ತಾಯಿ ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಬದುವಿನ ಮೇಲೆ ನಿಂತಿದ್ದಳು. ಎರಡು ಕೊಡ ನೀರು, ದೊಡ್ಡ ಪಾತ್ರೆಯಲ್ಲಿ ಅನ್ನ, ಇನ್ನೊಂದರಲ್ಲಿ ಸಾರು. ಯಾರೂ ಬರದಿದ್ದರೆ ಇಷ್ಟನ್ನೂ ಏನು ಮಾಡುತ್ತೀರಿ ಎಂದು ಕೇಳಬಾರದಿತ್ತು, ಕೇಳಿಬಿಟ್ಟೆ. "ಮಾಡದೇ ಇದ್ರೆ ಬಂದೋರಿಗೆ ಏನು ಹೇಳ್ಲಿ ಮೇಡಮ್ಮಾರೆ" ಅಂದಳು. ನಷ್ಟದ ಹೊಣೆ ತನ್ನ ಮೇಲೆ ಹೊತ್ತು ಮುಂದಾಗುವವರನ್ನು ಉದ್ಯಮಿ ಎನ್ನುತ್ತೇವೆ ಎಂದು ಪುಸ್ತಕದಲ್ಲಿ ಒಂದು ಸಾಲಿದೆ. ಅಲ್ಲಿ ಕಾರ್ಖಾನೆಯ ಚಿತ್ರ ಹಾಕಿದ್ದಾರೆ, ಇವಳದನ್ನು ಹಾಕಬೇಕಿತ್ತು.

ಬಿಸಿಲು ಏರಿತು. ಮಗಳು ಒಬ್ಬಳೇ ಸಾಲು ಹಿಡಿದು ಕೀಳತೊಡಗಿದ್ದಳು. ನಾನೂ ಬಗ್ಗಿದೆ. ತಾಯಿ ದಾರಿ ಕಡೆ ನೋಡುವುದನ್ನು ನಿಲ್ಲಿಸಿ, ಎಡಗೈಯಲ್ಲೇ ಒಂದೊಂದು ಗಡ್ಡೆ ಎಳೆಯಲು ಕೂತಳು. ಆ ಹೊತ್ತಿಗೆ ಪಕ್ಕದ ಹೊಲ ಹಾಯ್ದು ಅಜ್ಜಿ ಒಬ್ಬಳೇ ಬಂದಳು.

"ಒಂದಾಳು ಬಾಕಿ ಅಂದಿತ್ತು ನಿನ್ನ ಮಗಳು. ಬಂದೀನಿ."

"ಒಬ್ರೇನಾ ಅಜ್ಜಿ?" ತಾಯಿಯ ದನಿ ಬಿದ್ದೇ ಹೋಗಿತ್ತು.

"ಲೆಕ್ಕಕ್ಕೆ ಒಬ್ಬಳೇ ಅಲ್ವಾ? ಉಳಿದೋರು ಹಿಂದೆ ಬರ್ತಾ ಅದಾರೆ. ಅವರದು ಹೊಸ ಲೆಕ್ಕ, ಅದನ್ನ ನೀನು ಆಮ್ಯಾಲೆ ತೀರಿಸ್ಬೇಕು."

ದಾರಿಯ ತಿರುವಿನಲ್ಲಿ ಮಾತು ಕೇಳಿಸಿತು, ಆಮೇಲೆ ನಗು, ಆಮೇಲೆ ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸರು ಒಬ್ಬೊಬ್ಬರಾಗಿ ಕಂಡರು. ತಾಯಿ ಕೊಡದಿಂದ ನೀರು ಬಗ್ಗಿಸಿ ಬಗ್ಗಿಸಿ ಕೊಟ್ಟಳು. ಬೇಡ ಅಂದವರಿಗೂ ಕೊಟ್ಟಳು. ಮಗಳು ತಲೆ ಬಗ್ಗಿಸಿಕೊಂಡು ಕೀಳುತ್ತಲೇ ಇದ್ದಳು. ಅವಳ ಟೀಚರು ನಾನು ಅಂತ ಹೊಲದಲ್ಲಿದ್ದವರಿಗೆಲ್ಲ ಹೇಳಬೇಕು ಅನ್ನಿಸಿತು, ಎಲ್ಲರಿಗೂ ಗೊತ್ತಿದ್ದದ್ದೇ ಆದರೂ.

ಸಂಜೆ ಗುಡ್ಡೆಗಳೆಲ್ಲ ಸಾಲಾಗಿ ಬಿದ್ದ ಮೇಲೆ ಅಜ್ಜಿ ಚೀಲ ಬಿಚ್ಚಿ ಕುರಿಮರಿಯ ದುಡ್ಡನ್ನು ಹಾಗೇ ತೆಗೆದು ಹುಡುಗಿಯ ಕೈಗಿಟ್ಟಳು. "ಇದನ್ನ ನಾನು ಯಾರಿಗೂ ಹಂಚಿಲ್ಲ. ಕಳೆ ತೆಗೆದ ಬಾಕಿ ಹಂಗೇ ಐತೆ, ನಿಮ್ಮವ್ವ ಕೈ ವಾಸಿಯಾದ ಮ್ಯಾಲೆ ತೀರಿಸ್ತಾಳೆ" ಅಂದು ಹೊರಟಳು.

ಅಷ್ಟರಲ್ಲಿ ದಾವಣಗೆರೆಯಿಂದ ಗಂಡನ ಫೋನು ಬಂತು. ಮಗಳು ಫೋನನ್ನು ಅವ್ವನ ಕಿವಿಗೆ ಹಿಡಿದಳು. ಎಷ್ಟು ಚೀಲ ಆಯಿತು ಅಂತ ಅವನು ಕೇಳಿರಬೇಕು. ಅವಳು ಅದಕ್ಕೆ ಉತ್ತರ ಕೊಡಲೇ ಇಲ್ಲ. ಮಗಳಿಗೆ ಫಸ್ಟ್ ಕ್ಲಾಸ್ ಬಂತು ಅನ್ನುವ ದನಿಯಲ್ಲಿ, ಹೊರಟು ನಿಂತ ಹೆಂಗಸರಿಗೆಲ್ಲ ಕೇಳಿಸುವ ಹಾಗೆ ಹೇಳಿದಳು:

"ಎಲ್ಲರದೂ ಬಾಕಿ ಐತೆ ಕಣ್ರಿ ನಮ್ಮ ಮ್ಯಾಲೆ. ಹಳೇದೂ ಐತೆ, ಹೊಸದೂ ಐತೆ."